ಸಿಮೆಂಟಿನ ಹಿಂದೆ ಕೊಳೆತ ಓಕ್: ಟ್ಯೂಡರ್ ಮನೆಯ ಒಂದು ಗೋಡೆಯ ದುರಸ್ತಿ

ನಮ್ಮ ಮನೆ ಇರುವುದು ಇಂಗ್ಲೆಂಡಿನ ಸಫೊಲ್ಕ್ ಕೌಂಟಿಯಲ್ಲಿ, ಲ್ಯಾವೆನ್‌ಹ್ಯಾಮ್‌ಗೆ ಸಮೀಪದ ಒಂದು ಹಳ್ಳಿಯಲ್ಲಿ. ಮರದ ಕೂಡುಗಳ, ಅಂದರೆ ಜೋಡಣೆಗಳ, ರೀತಿಯನ್ನು ನೋಡಿ ಬಲ್ಲವರು ಇದನ್ನು 16ನೇ ಶತಮಾನದ ನಡುಭಾಗದ್ದು ಎನ್ನುತ್ತಾರೆ. 1485ರಿಂದ 1603ರವರೆಗೆ ನಡೆದ ಟ್ಯೂಡರ್ ಆಳ್ವಿಕೆಗೆ ಅದು ಸರಿಯಾಗಿ ಮಧ್ಯದ ಕಾಲ. ಇಂಥ ಮನೆಯಲ್ಲಿ ಗೋಡೆ ಭಾರ ಹೊರುವುದಿಲ್ಲ. ಓಕ್ ಮರದ ಕಂಬ ತೊಲೆಗಳ ಚೌಕಟ್ಟು ಮಾಳಿಗೆಯನ್ನೂ ಮಾಡನ್ನೂ ಹೊತ್ತು ನಿಲ್ಲುತ್ತದೆ. ಮರಗಳ ನಡುವಿನ ಜಾಗವನ್ನು ಕಡ್ಡಿ, ಮಣ್ಣು, ಸುಣ್ಣ ಮುಚ್ಚುತ್ತವೆ. ಆ ಚೌಕಟ್ಟಿನ ಒಂದು ಬದಿಯನ್ನು, ನೈಋತ್ಯದ ಮಳೆಗಾಳಿಗೆ ಎದೆಯೊಡ್ಡಿದ ಪಕ್ಕದ ಗೋಡೆಯನ್ನು, ದುರಸ್ತಿ ಮಾಡಿದ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಬೀದಿಗೆ ಮುಖ ಮಾಡಿದ ಗೋಡೆಗೆ ಏನೂ ಆಗಿರಲಿಲ್ಲ. ಅಲ್ಲಿ ಮೇಲಂತಸ್ತು ಕೆಳಗಿನ ಗೋಡೆಗಿಂತ ಒಂದೂವರೆ ಅಡಿಯಷ್ಟು ಮುಂದಕ್ಕೆ ಚಾಚಿಕೊಂಡಿದೆ. ಮೇಲಿನ ನೆಲದ ಜಂತೆಗಳೇ ಗೋಡೆಯನ್ನು ದಾಟಿ ಹೊರಬಂದು ಮೇಲಿನ ಚೌಕಟ್ಟನ್ನು ಹೊತ್ತಿವೆ. ಇಂಥ ಚಾಚನ್ನು ಇಲ್ಲಿ ಜೆಟ್ಟಿ ಎನ್ನುತ್ತಾರೆ. ಅದರ ನೆರಳಿನಲ್ಲಿರುವ ಕೆಳಗೋಡೆಗೆ ಮಳೆ ತಾಕುವುದು ಕಡಿಮೆ. ಪಕ್ಕದ ಗೋಡೆಗೆ ಆ ಆಸರೆಯಿಲ್ಲ. ಅದರ ಮೇಲೆ ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಲೋಹದ ಬಲೆ ಬಡಿದು, ಬೆರಳಿನಷ್ಟು ದಪ್ಪ ಸಿಮೆಂಟ್ ಬಳಿದಿದ್ದರು. ಮನೆಯನ್ನು ಕಾಪಾಡಬೇಕೆಂದೇ ಅವರು ಹಾಗೆ ಮಾಡಿರಬೇಕು. ನಾಲ್ಕು ನೂರು ವರ್ಷ ಮಳೆ, ಹಿಮ ತಡೆದ ಮರವನ್ನು ಕೆಲವೇ ದಶಕಗಳಲ್ಲಿ ಕೊಳೆಸಿದ್ದು ಆ ಸಿಮೆಂಟ್.

ಕಾರಣ ಸರಳವಾದದ್ದು. ಓಕ್ ಋತುವಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಗಟ್ಟಿ ಸಿಮೆಂಟ್ ಅದರ ಜೊತೆ ಅಲುಗಲಾರದೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕು ಮಳೆನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಹಾಗೆ ಹೊಕ್ಕ ನೀರಿಗೆ ಆವಿಯಾಗಿ ಹೊರಬರಲು ದಾರಿಯಿಲ್ಲದೆ ಅದು ಕೆಳಗಿಳಿದು, ಎಲ್ಲಕ್ಕಿಂತ ಕೆಳಗಿರುವ ತಳತೊಲೆಯಲ್ಲಿ ನಿಲ್ಲುತ್ತದೆ. ಸುಣ್ಣದ ಗಾರೆ ಹಾಗಲ್ಲ. ಅದು ನೆನೆಯುತ್ತದೆ, ಗಾಳಿ ಬಿಸಿಲಿಗೆ ಒಣಗುತ್ತದೆ. ಇಂದು ಎಲ್ಲೆಡೆ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಅದಕ್ಕೂ ಶತಮಾನಗಳ ಹಿಂದೆ ಕಟ್ಟಿದ ಮನೆಯ ಮೈಗೆ ಅದನ್ನು ಬಳಿಯುವುದು ತಪ್ಪು ಎಂದು ಇಂದು ಇಲ್ಲಿನ ಸಂರಕ್ಷಣಾ ತಜ್ಞರು ಹೇಳುತ್ತಲೇ ಇದ್ದಾರೆ. ಆದರೂ ಸಫೊಲ್ಕ್‌ನ ಹಳ್ಳಿಗಳಲ್ಲಿ ಸಿಮೆಂಟ್ ಹೊದ್ದ ಮರದ ಮನೆಗಳು ಕಣ್ಣಿಗೆ ಬೀಳುತ್ತವೆ. ನೋಡಿದಾಗಲೆಲ್ಲ ಒಳಗಿನ ತಳತೊಲೆಯ ಗತಿಯೇನಾಗಿರಬಹುದೆಂದು ಸಂಕಟವಾಗುತ್ತದೆ.

ಮೊದಲು ಅನುಮತಿ

ಇದು ಗ್ರೇಡ್ 2 ಪಟ್ಟಿಯಲ್ಲಿರುವ ಮನೆ. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇದೇ ದರ್ಜೆಯವು. ಸಂರಕ್ಷಿತ ಕಟ್ಟಡಗಳ ಕುರಿತ 1990ರ ಕಾಯ್ದೆಯಂತೆ, ಇಂಥ ಕಟ್ಟಡದ ಸ್ವರೂಪಕ್ಕೆ ಧಕ್ಕೆ ತರುವ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು ಅಪರಾಧ. ಜೈಲು ಶಿಕ್ಷೆಯೂ ಆಗಬಹುದು. ಅರ್ಜಿಗೆ ಶುಲ್ಕವಿಲ್ಲ, ತೀರ್ಮಾನಕ್ಕೆ ಸಾಮಾನ್ಯವಾಗಿ ಎಂಟು ವಾರದ ಗಡುವು ಇರುತ್ತದೆ. ಗೋಡೆಯ ಅಳತೆಯ ನಕ್ಷೆ, ಪ್ರತಿ ಮರಕ್ಕೂ ಒಂದು ಸಂಖ್ಯೆ, ಯಾವುದನ್ನು ಎಲ್ಲಿಯವರೆಗೆ ಕತ್ತರಿಸಬೇಕಾದೀತು ಎಂಬ ಅಂದಾಜು, ಹೊಸ ಕೂಡುಗಳ ಚಿತ್ರ, ಗಾರೆಯ ಪಾಕ, ಇಷ್ಟನ್ನೂ ಕೊಟ್ಟೆವು. ಬಾವಲಿಗಳಿಗೆ ಕಾನೂನಿನ ರಕ್ಷಣೆಯಿರುವುದರಿಂದ ಅವು ಗೋಡೆಯ ಸಂದಿನಲ್ಲಿ ಇಲ್ಲವೆಂದು ತಜ್ಞರಿಂದ ಖಚಿತಪಡಿಸಿಕೊಂಡೆವು.

ಈ ಕಾಗದಪತ್ರದ ಕೆಲಸವನ್ನು ಅನೇಕರು ಕಿರಿಕಿರಿ ಎಂದುಕೊಳ್ಳುತ್ತಾರೆ. ನನಗೆ ಅದರಿಂದ ಉಪಕಾರವೇ ಆಯಿತು. ಪ್ರತಿಯೊಂದು ಮರವನ್ನೂ ಚಿತ್ರಿಸಬೇಕಾದಾಗ ಪ್ರತಿಯೊಂದನ್ನೂ ನಿಂತು ನೋಡಲೇಬೇಕಾಗುತ್ತದೆ. ಕೆಲಸದ ದಾರಿಗೆ ಆಧಾರವಾಗಿ ಇಟ್ಟುಕೊಂಡದ್ದು, ವಿನ್ಯಾಸಕಾರ ವಿಲಿಯಂ ಮೋರಿಸ್ ಮತ್ತು ವಾಸ್ತುಶಿಲ್ಪಿ ಫಿಲಿಪ್ ವೆಬ್ 1877ರಲ್ಲಿ ಹುಟ್ಟುಹಾಕಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘದ ನಿಲುವನ್ನು: ಹಳೆಯದನ್ನು ಕಿತ್ತು ಹಳೆಯದರಂತೆ ಕಾಣುವ ಹೊಸದನ್ನು ನಿಲ್ಲಿಸಬೇಡಿ, ಇರುವುದನ್ನು ದುರಸ್ತಿ ಮಾಡಿ, ಮಾಡಿದ ದುರಸ್ತಿಯನ್ನು ಮರೆಮಾಚಬೇಡಿ. ನನ್ನ ಮಟ್ಟಿಗೆ ಇದರ ಅರ್ಥ, ಕೊಳೆತದ್ದನ್ನು ಮಾತ್ರ ತೆಗೆಯುವುದು, ಗಟ್ಟಿಯಿರುವ ಮರದ ಒಂದು ಇಂಚನ್ನೂ ಅನಾವಶ್ಯಕವಾಗಿ ಕಳೆಯದಿರುವುದು. ಮುಂದಿನ ಎಲ್ಲ ಜಗ್ಗಾಟವೂ ಈ ಒಂದು ಇಂಚಿನದೇ.

ಸಿಮೆಂಟ್ ಕಿತ್ತಾಗ

ಸಿಮೆಂಟ್ ಕೀಳಲು ಸುತ್ತಿಗೆ ಮತ್ತು ಅಗಲ ಉಳಿ ಸಾಕು; ಯಂತ್ರ ಬೇಡ. ಕಂಪನ ಒಳಗಿನ ಮಣ್ಣಿನ ಗೋಡೆಯನ್ನು ಉದುರಿಸುತ್ತದೆ. ನಡುವಿನ ಭಾಗದಿಂದ ಶುರುಮಾಡಿ, ಬಲೆಯ ಮೊಳೆಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಎಳೆದೆವು. ಮೊಳೆ ಹೊಕ್ಕಲ್ಲೆಲ್ಲ ಮರ ನೀಲಿಗಪ್ಪಾಗಿತ್ತು. ಓಕ್‌ನಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿದರೆ ಹಾಗಾಗುತ್ತದೆ, ಕಬ್ಬಿಣವೂ ಬೇಗ ತುಕ್ಕು ತಿನ್ನುತ್ತದೆ. ಆದ್ದರಿಂದ ನಮ್ಮ ದುರಸ್ತಿಯಲ್ಲಿ ಲೋಹ ಬೇಕಾದಲ್ಲೆಲ್ಲ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬಳಸಿದೆವು.

ಹೊದಿಕೆ ಹೋದ ಮೇಲೆ ಗೋಡೆ ತನ್ನ ಕಥೆಯನ್ನೆಲ್ಲ ತೆರೆದಿಟ್ಟಿತು. ದಪ್ಪ ಮೂಲೆಗಂಬಗಳ ನಡುವೆ ಸಣ್ಣ ನಿಲುಮರಗಳು ಒತ್ತೊತ್ತಾಗಿ ನಿಂತಿದ್ದವು. ಮರದಷ್ಟೇ ಅಗಲ ನಡುವಿನ ಸಂದು. ಕಟ್ಟಡ ನಿಲ್ಲಲು ಇಷ್ಟು ಮರ ಬೇಕಿಲ್ಲ. ಓಕ್ ಕೊಳ್ಳುವ ಶಕ್ತಿ ತನಗಿದೆಯೆಂದು ಬಟ್ಟೆ ವ್ಯಾಪಾರದ ಹಣ ಹರಿಯುತ್ತಿದ್ದ ಕಾಲದಲ್ಲಿ ಒಬ್ಬ ಮನೆಯಜಮಾನ ಊರಿಗೆ ತೋರಿಸಿಕೊಂಡ ರೀತಿ ಅದು. ಕಂಬಗಳ ತಲೆಗಳು ಬುಡಕ್ಕಿಂತ ದಪ್ಪ. ಬೇರಿನ ಕಡೆಯ ದಪ್ಪ ತುದಿ ಮೇಲೆ ಬರುವಂತೆ ಮರವನ್ನು ತಲೆಕೆಳಗಾಗಿ ನಿಲ್ಲಿಸಿದ್ದಾರೆ. ಗೋಡೆಯ ಮೇಲ್ತೊಲೆ ಮತ್ತು ಮನೆಯ ಅಗಲಕ್ಕೆ ಹಾಯುವ ಅಡ್ಡತೊಲೆ, ಎರಡನ್ನೂ ಒಂದೇ ಕಂಬದ ತಲೆಯಲ್ಲಿ ಬೇರೆ ಬೇರೆ ನಾಲಿಗೆಗಳಿಂದ (ಇನ್ನೊಂದು ಮರದ ಕುಳಿಯೊಳಗೆ ಕೂರುವಂತೆ ಕೆತ್ತಿದ ತುದಿಗಳಿಂದ) ಹಿಡಿಯಬೇಕಾದರೆ ಅಲ್ಲಿ ಅಷ್ಟು ದಪ್ಪ ಬೇಕೇ ಬೇಕು. ಮೂರು ಮರಗಳು ಒಂದನ್ನೊಂದು ಕಚ್ಚಿಕೊಳ್ಳುವ ಆ ಕೂಡನ್ನು ನೋಡಿ ನಾನು ಏಣಿಯ ಮೇಲೆಯೇ ಬಹಳ ಹೊತ್ತು ನಿಂತಿದ್ದೆ. ಅದರಲ್ಲಿ ಒಂದೂ ಕಬ್ಬಿಣದ ಮೊಳೆಯಿಲ್ಲ.

ನಿಲುಮರಗಳ ತುದಿಗಳಲ್ಲಿ ಉಳಿಯಿಂದ ಕೆತ್ತಿದ ಗೀಟುಗಳಿದ್ದವು. ಅವು ರೋಮನ್ ಅಂಕಿಗಳು. ನಾಲ್ಕಕ್ಕೆ ನಾಲ್ಕು ಗೀಟು. ಅಂದಿನ ಬಡಗಿಗಳು ಇಡೀ ಗೋಡೆಯನ್ನು ಮೊದಲು ತಮ್ಮ ಅಂಗಳದಲ್ಲಿ ನೆಲದ ಮೇಲೆ ಹಾಸಿ, ಪ್ರತಿ ಕೂಡನ್ನೂ ಅದರ ಜೋಡಿಗೇ ಹೊಂದಿಸಿ ಕೊರೆಯುತ್ತಿದ್ದರು. ಆಮೇಲೆ ಬಿಚ್ಚಿ, ಗಾಡಿಯಲ್ಲಿ ಸಾಗಿಸಿ, ಜಾಗದಲ್ಲಿ ಮತ್ತೆ ಕೂಡಿಸುತ್ತಿದ್ದರು. ಯಾವ ನಾಲಿಗೆ ಯಾವ ಕುಳಿಗೆ ಎಂದು ತಿಳಿಯಲು ಈ ಗೀಟುಗಳು. ನಮ್ಮ ಗೋಡೆಯಲ್ಲಿ ಒಂದು ಅಂಕಿ ಸರಣಿಯಿಂದ ಕಾಣೆಯಾಗಿತ್ತು. ಅಲ್ಲಿದ್ದ ಮರವನ್ನು ಯಾವಾಗಲೋ ಮೃದು ಪೈನ್ ಮರಕ್ಕೆ ಬದಲಿಸಿದ್ದರು. ನಡುತೊಲೆಯ ಅಡಿಯಲ್ಲಿ ವಜ್ರಾಕೃತಿಯ ಸಣ್ಣ ಕುಳಿಗಳ ಸಾಲೊಂದು ಸಿಕ್ಕಿತು. ಗಾಜಿಲ್ಲದ ಹಳೆಯ ಕಿಟಕಿಯ ಸರಳುಗಳು ನಿಂತಿದ್ದ ಗುರುತು ಅದು. ಚೌಕ ಸರಳನ್ನು ಮೂಲೆ ಹೊರಮುಖವಾಗುವಂತೆ ತಿರುಗಿಸಿ ನಿಲ್ಲಿಸುತ್ತಿದ್ದರು. ಪಶ್ಚಿಮ ಸಸೆಕ್ಸ್‌ನ ಸಿಂಗಲ್ಟನ್‌ನಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಬಯಲು ಸಂಗ್ರಹಾಲಯದಲ್ಲಿ, ಜಲಾಶಯದಲ್ಲಿ ಮುಳುಗಲಿದ್ದ ಜಾಗದಿಂದ ಬಿಚ್ಚಿ ತಂದು ನಿಲ್ಲಿಸಿದ ಬೇಲೀಫ್ ಎಂಬ ತೋಟದ ಮನೆಯಿದೆ. ಇಂಥ ಕಿಟಕಿ ಇಡಿಯಾಗಿ ಹೇಗಿರುತ್ತದೆಂದು ಅಲ್ಲಿ ನೋಡಬಹುದು. ಮರದ ಚೌಕಟ್ಟಿನ ಕೆಲಸದ ಮೊದಲ ಪಾಠಗಳನ್ನು ನಾನು ಕಲಿತದ್ದೂ ಆ ಸಂಗ್ರಹಾಲಯದ ತರಬೇತಿಯಲ್ಲೇ.

ಖಾಲಿ ಕುಳಿಗಳನ್ನು ಕಂಡ ನೆರೆಯವರು ಇವು ಹಳೆಯ ಹಡಗಿನ ಮರಗಳೆಂದರು. ಇಂಗ್ಲೆಂಡಿನ ಉದ್ದಗಲಕ್ಕೂ ಈ ನಂಬಿಕೆಯಿದೆ. ಕಾಡು ಹತ್ತಿರವಿದ್ದ ಒಳನಾಡಿನ ಹಳ್ಳಿಗೆ ಸಮುದ್ರದಿಂದ ಬಾಗಿದ ಮರವನ್ನು ಎಳೆದು ತರಬೇಕಾದ ಅಗತ್ಯವೇನಿತ್ತು? ಖಾಲಿ ಕುಳಿಗೆ ಬೇರೆ ಉತ್ತರಗಳಿವೆ: ಅಲ್ಲೊಂದು ಕಿಟಕಿಯೋ ಬಾಗಿಲೋ ಇತ್ತು, ಇಲ್ಲವೇ ಆ ಮರ ಮತ್ತೊಂದು ಮನೆಯಲ್ಲಿ ಒಮ್ಮೆ ದುಡಿದು ಇಲ್ಲಿಗೆ ಬಂದಿತ್ತು.

ಎಲ್ಲಿಯವರೆಗೆ ಕೊಳೆತಿದೆ

ಕಣ್ಣಿಗೆ ಕಾಣುವ ಕೊಳೆಯನ್ನು ನಂಬಬಾರದು. ಹೊರಗೆ ಕಪ್ಪಾಗಿ ಸುಕ್ಕುಗಟ್ಟಿದ ಓಕ್ ಒಳಗೆ ಕಬ್ಬಿಣದಂತಿರಬಹುದು. ಹೊರಗೆ ನಯವಾಗಿರುವುದು ಒಳಗೆ ಪೂರ್ತಿ ಲಡ್ಡಾಗಿರಬಹುದು. ಮೊದಲು ಸುತ್ತಿಗೆಯ ಹಿಡಿಯಿಂದ ತಟ್ಟಿ ಸದ್ದು ಕೇಳಿದೆ. ಆಮೇಲೆ ಮೊನಚು ದಬ್ಬಳದಿಂದ ಒಂದೊಂದು ಅಂಗುಲಕ್ಕೂ ಚುಚ್ಚಿದೆ. ಕೊನೆಗೆ ಸೂಜಿಯಂಥ ಬೈರಿಗೆಯಿಂದ ಕೊರೆದು, ಎಷ್ಟು ಆಳದಲ್ಲಿ ತಡೆ ಕಡಿಮೆಯಾಗುತ್ತದೆಂದು ಗುರುತು ಹಾಕಿಕೊಂಡೆ. ಎರಡು ಮುಳ್ಳಿನ ತೇವಮಾಪಕವೂ ಜೊತೆಗಿತ್ತು. ಮರದ ತೇವ ಶೇಕಡ 20 ದಾಟಿದರೆ ಶಿಲೀಂಧ್ರಕ್ಕೆ ಬಾಗಿಲು ತೆರೆದಂತೆ. ತಳತೊಲೆಯಲ್ಲಿ ಅದು 30ನ್ನೂ ಮೀರಿತ್ತು.

ಮೂಲೆಗಂಬದ ಬುಡದಲ್ಲಿ ಮೂರು ಮಿಲಿಮೀಟರ್ ಅಗಲದ ದುಂಡು ತೂತುಗಳಿದ್ದವು. ಇದು ಡೆತ್‌ವಾಚ್ ದುಂಬಿಯ ಕೆಲಸ. ವಸಂತದಲ್ಲಿ ಮರಕ್ಕೆ ತಲೆ ಬಡಿದು ಟಿಕ್ ಟಿಕ್ ಎಂದು ಜೋಡಿಯನ್ನು ಕರೆಯುವ ದುಂಬಿ ಇದು. ಹುಳುವಾಗಿ ಮರದೊಳಗೆ ಹತ್ತು ವರ್ಷವೂ ಇರಬಲ್ಲದು. ವಿಷ ಸಿಂಪಡಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಸಿಂಪಡಿಸಲಿಲ್ಲ. ಈ ದುಂಬಿ ಶಿಲೀಂಧ್ರ ಮೊದಲೇ ಮೆದುಗೊಳಿಸಿದ ಒದ್ದೆ ಓಕ್ ಅನ್ನು ಹುಡುಕಿ ಬರುತ್ತದೆ. ಮರ ಒಣಗಿದರೆ ಅದರ ಬದುಕು ಕಷ್ಟವಾಗುತ್ತದೆ. ಮೇಲ್ಮೈಗೆ ಹೊಡೆದ ಔಷಧಿ ಆಳದಲ್ಲಿರುವ ಹುಳುವನ್ನು ತಲುಪುವುದೂ ಇಲ್ಲ.

ಲೆಕ್ಕ ಹೀಗೆ ಬಂತು: ತಳತೊಲೆಯ ನಾಲ್ಕು ಮೀಟರ್ ಹೋಗಿದೆ. ಒಂದು ಮೂಲೆಗಂಬದ ಬುಡ ನೆಲದಿಂದ ಮೊಣಕಾಲೆತ್ತರದವರೆಗೆ ಹೋಗಿದೆ. ಕೆಲವು ನಿಲುಮರಗಳ ನಾಲಿಗೆಗಳು ಇಲ್ಲವಾಗಿವೆ, ಮೈ ಗಟ್ಟಿಯಿದೆ. ಉಳಿದದ್ದೆಲ್ಲ ಉಳಿಯುತ್ತದೆ.

ಗೋಡೆಯನ್ನು ಗಾಳಿಯಲ್ಲಿ ಹಿಡಿದು

ನಮ್ಮ ಜೊತೆ ಕೆಲಸಕ್ಕೆ ಬಂದವರು ಹತ್ತಿರದ ಊರಿನ ಒಬ್ಬ ಹಿರಿಯ ಬಡಗಿ. ಜೀವಮಾನವಿಡೀ ಇಂಥ ಚೌಕಟ್ಟುಗಳನ್ನೇ ದುರಸ್ತಿ ಮಾಡಿದವರು. ಭಾರ ಎತ್ತುವ ದಿನ ಅವರು ಮಾತು ಕಡಿಮೆ ಮಾಡಿ ಕಿವಿ ತೆರೆದಿಟ್ಟಿದ್ದರು. ನಡುತೊಲೆಯ ಅಡಿಯಲ್ಲಿ, ಮಣ್ಣು ತೆಗೆದ ಸಂದುಗಳ ಮೂಲಕ ಗೋಡೆಗೆ ಅಡ್ಡಲಾಗಿ ದಪ್ಪ ತೊಲೆಗಳನ್ನು ತೂರಿಸಿದೆವು. ಒಳಗೂ ಹೊರಗೂ ತಿರುಪಿನ ಉಕ್ಕಿನ ಕಂಬಗಳನ್ನು, ಅವುಗಳ ಅಡಿಗೆ ಭಾರ ಹರಡಲು ಅಗಲ ಹಲಗೆಗಳನ್ನು ಇಟ್ಟೆವು. ನಡುತೊಲೆ ಎಲ್ಲೂ ನೇರವಾಗಿಲ್ಲದ್ದರಿಂದ ಪ್ರತಿ ಜಾಗಕ್ಕೂ ಜೋಡಿ ಬೆಣೆಗಳನ್ನು ಕೆತ್ತಿ ಸೇರಿಸಬೇಕಾಯಿತು. ಆಮೇಲೆ ತಿರುಪನ್ನು ಸರದಿಯಂತೆ ಕಾಲು ಸುತ್ತು, ಕಾಲು ಸುತ್ತು. ತಳತೊಲೆಯ ಮೇಲಿನ ಭಾರ ಹಗುರವಾಗಿ, ಕಂಬದ ಬುಡದಲ್ಲಿ ಕಾಗದದ ಹಾಳೆ ನುಸುಳುವಷ್ಟು ಸಂದು ಕಂಡ ಕೂಡಲೇ ನಿಲ್ಲಿಸಿದೆವು.

ಅದಕ್ಕಿಂತ ಹೆಚ್ಚು ಎತ್ತಬಾರದು. ಈ ಗೋಡೆ ಮೇಲ್ಭಾಗದಲ್ಲಿ ಒಂದು ಗೇಣು ಹೊರಕ್ಕೆ ವಾಲಿದೆ. ಕೂಡಿಸಿದಾಗ ಮರ ಹಸಿಯಾಗಿತ್ತು. ಒಣಗುತ್ತ ತಿರುಚಿತು, ನೆಲ ಕುಸಿದಲ್ಲಿ ಕುಸಿಯಿತು, ಕೂಡುಗಳು ಆ ವಕ್ರಕ್ಕೇ ಒಗ್ಗಿಕೊಂಡು ಬಿಗಿಯಾದವು. ತೂಗುಗುಂಡಿಗೆ ಸರಿಯಾಗುವಂತೆ ಎಳೆಯಲು ಹೋದರೆ ನಾಲಿಗೆಗಳು ಮುರಿಯುತ್ತವೆ. ಚೆಷೈರ್‌ನ ಲಿಟಲ್ ಮೋರ್ಟನ್ ಹಾಲ್‌ನಲ್ಲಿ, ಮೇಲೆ ಆಮೇಲೆ ಸೇರಿಸಿದ ಉದ್ದನೆಯ ಗ್ಯಾಲರಿಯ ಭಾರಕ್ಕೆ ಕೆಳಗಿನ ಚೌಕಟ್ಟು ಕಣ್ಣಿಗೆ ಕಾಣುವಷ್ಟು ಬಾಗಿದೆ. ಆ ಮನೆ ಶತಮಾನಗಳಿಂದ ಹಾಗೆಯೇ ನಿಂತಿದೆ. ವಾಲುವುದು ರೋಗವಲ್ಲ, ಇನ್ನೂ ವಾಲುತ್ತಲೇ ಇದ್ದರೆ ಮಾತ್ರ ಚಿಂತೆ. ಅದಕ್ಕಾಗಿ ಕೆಲಸಕ್ಕೆ ಮುನ್ನವೇ ಬಿರುಕುಗಳ ಮೇಲೆ ಗುರುತು ಹಚ್ಚಿ, ಒಂದು ಚಳಿಗಾಲ ಮತ್ತು ಒಂದು ಬೇಸಿಗೆ ನೋಡಿದ್ದೆವು. ಅಲುಗಿರಲಿಲ್ಲ.

ತಳತೊಲೆ

ಹಳೆಯ ತಳತೊಲೆ ಸಲಿಕೆಗೇ ಬಂದುಬಿಟ್ಟಿತು. ಅದರಡಿಯ ಚಕಮಕಿ ಕಲ್ಲು ಮತ್ತು ಇಟ್ಟಿಗೆಯ ಕಿರುಗೋಡೆ ಗಟ್ಟಿಯಾಗಿತ್ತು. ಸಂದುಗಳನ್ನು ಕೆರೆದು ಒದ್ದೆಯಲ್ಲೂ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣದ ಗಾರೆಯಿಂದ ತುಂಬಿದೆವು. ಹೊಸ ತೊಲೆಗೆ ಹಸಿ ಓಕ್ ಆರಿಸಿದೆವು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಿಸಬೇಕೆಂಬುದು ಬಡಗಿಗಳ ಲೆಕ್ಕ. 200ಕ್ಕೆ 180 ಮಿಲಿಮೀಟರ್ ಗಾತ್ರದ ಒಣ ಓಕ್ ಸಿಗುವುದೂ ಕಷ್ಟ, ಸಿಕ್ಕರೆ ಉಳಿ ಹಿಡಿಸುವುದೂ ಕಷ್ಟ. ಟ್ಯೂಡರ್ ಬಡಗಿಗಳು ಹಸಿ ಮರವನ್ನೇ ಬಳಸಿದ್ದು ಇದೇ ಕಾರಣಕ್ಕೆ. ಮಲಗಿ ಭಾರ ಹೊರುವ ತಳತೊಲೆ ಉದ್ದದಲ್ಲಿ ಕುಗ್ಗುವುದು ತೀರಾ ಕಡಿಮೆ. ದಪ್ಪದಲ್ಲಿ ಕುಗ್ಗಿದಷ್ಟನ್ನು ಬೆಣೆಗಳಿಂದ ಸರಿದೂಗಿಸಬಹುದು. ಹಸಿ ಓಕ್‌ನ ತೂಕ ನೀರಿನ ತೂಕಕ್ಕೆ ಸಮ. ನಾಲ್ಕು ಮೀಟರಿನ ಆ ತೊಲೆ ಹೆಚ್ಚೂಕಡಿಮೆ 150 ಕೆಜಿ ಇತ್ತು. ಉರುಳೆಗಳ ಮೇಲೆ ತಳ್ಳಿಕೊಂಡು ತಂದೆವು.

ಇಲ್ಲೊಂದು ತೊಡಕಿದೆ. ನಿಲುಮರಗಳ ನಾಲಿಗೆಗಳು ತಳತೊಲೆಯ ಕುಳಿಗಳೊಳಗೆ ಮೇಲಿನಿಂದ ಇಳಿಯಬೇಕು. ಮನೆ ಈಗಾಗಲೇ ನಿಂತಿದೆ. ನಾಲಿಗೆಯ ಉದ್ದದಷ್ಟು ಅದನ್ನು ಎತ್ತಲು ಸಾಧ್ಯವೇ ಇಲ್ಲ. ಹಾಗಾಗಿ ಕುಳಿಗಳನ್ನು ಒಳಬದಿಯಿಂದ ತೆರೆದ ಬಾಯಿಯಂತೆ ಕೊರೆದೆವು. ತೊಲೆಯನ್ನು ಹೊರಗಿನಿಂದ ಅಡ್ಡಕ್ಕೆ ಸರಿಸಿದಾಗ ನಾಲಿಗೆಗಳೆಲ್ಲ ಆ ಬಾಯಿಗಳ ಮೂಲಕ ಒಟ್ಟಿಗೆ ಒಳಸೇರಿದವು. ಹಿಂದಿನ ತೆರಪುಗಳಿಗೆ ಓಕ್ ತುಂಡುಗಳನ್ನು ಬಿಗಿಯಾಗಿ ಕೂರಿಸಿದೆವು. ನಾಲಿಗೆ ಕಳೆದುಕೊಂಡಿದ್ದ ನಿಲುಮರಗಳಿಗೆ ಬುಡದಲ್ಲಿ ಸೀಳು ಕೊರೆದು, ಒಣ ಓಕ್‌ನ ಬಿಡಿ ನಾಲಿಗೆಯನ್ನು ಇಳಿಸಿ ಮರದ ಮೊಳೆ ಹೊಡೆದೆವು. ತೊಲೆ ಸರಿಸುವಾಗ ಎಲ್ಲ ನಾಲಿಗೆಗಳೂ ಒಂದೇ ಹೊತ್ತಿಗೆ ದಾರಿ ಕಾಣಬೇಕು. ಒಂದು ತಡೆದರೆ ಎಲ್ಲವೂ ನಿಲ್ಲುತ್ತದೆ. ಕೊನೆಯ ಗೇಣು ದೂರವನ್ನು ಕೊಡತಿಯ ಏಟಿಗೆ ಕೂದಲೆಳೆಯಷ್ಟೇ ಸರಿಸುತ್ತ ಹೋದದ್ದು. ತೊಲೆ ಸುಣ್ಣದ ಗಾರೆಯ ಹಾಸಿನ ಮೇಲೆ ಕೂತಾಗ ಹಿರಿಯರು ಟೋಪಿ ತೆಗೆದು ತಲೆ ಒರೆಸಿಕೊಂಡು ಚಹಾ ಕೇಳಿದರು.

ಕಂಬಕ್ಕೆ ಹೊಸ ಕಾಲು

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಮೂಲೆಗಂಬದ ಬುಡವನ್ನು ಕತ್ತರಿಸಿ ಹೊಸ ತುಂಡನ್ನು ಕೂಡಿಸಬೇಕು. ಸುಮ್ಮನೆ ಅಡ್ಡ ಕತ್ತರಿಸಿ ಕೆಳಗೊಂದು ದಿಮ್ಮಿ ಇಟ್ಟರೆ ಭಾರವೇನೋ ನಿಲ್ಲುತ್ತದೆ, ಆದರೆ ಪಕ್ಕದಿಂದ ಗಾಳಿ ತಳ್ಳಿದಾಗ ಅದು ಕಂಬವಾಗಿ ಉಳಿಯುವುದಿಲ್ಲ. ಎರಡೂ ಮರಗಳಲ್ಲಿ ಅರ್ಧರ್ಧ ದಪ್ಪ ತೆಗೆದು, ಕಂಬದ ಅಗಲದ ಮೂರು ಪಟ್ಟು ಉದ್ದಕ್ಕೆ ಒಂದರ ಮೈಗೆ ಇನ್ನೊಂದನ್ನು ಒರಗಿಸಬೇಕು. ತುದಿಗಳನ್ನು ನೇರ ಕೊಯ್ಯದೆ ಒಳಮುಖವಾಗಿ ಓರೆ ಮಾಡಬೇಕು. ಮೇಲಿನ ಭಾರ ಬಿದ್ದಷ್ಟೂ ಆ ಓರೆಗಳು ಎರಡು ಮರಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಹಳೆಯ ಬಡಗಿಗಳು ಇಂಥ ಕೂಡುಗಳನ್ನು ಎಷ್ಟು ಬಗೆಯಲ್ಲಿ ಮಾಡಿದ್ದರೆಂದು ತೋರಿಸಿಕೊಟ್ಟವರಲ್ಲಿ ಮುಖ್ಯರು ಸೆಸಿಲ್ ಹ್ಯೂಯೆಟ್. ಅವರು ಎಸೆಕ್ಸ್‌ನ ಕಣಜ, ಚರ್ಚುಗಳ ಮರಗಳನ್ನು ಅಳೆದು, ಕೂಡುಗಳ ಆಕಾರದಿಂದಲೇ ಕಟ್ಟಡದ ಕಾಲವನ್ನು ಗುರುತಿಸಬಹುದೆಂದು ವಾದಿಸಿದರು.

ಇಲ್ಲಿ ಹಸಿ ಮರ ನಡೆಯದು. ಕುಗ್ಗಿ ಕೂಡು ಸಡಿಲವಾಗುತ್ತದೆ. ಹಳೆಯ ಕಟ್ಟಡವೊಂದರಿಂದ ಬಂದ ಗಾಳಿಯಲ್ಲಿ ಒಣಗಿದ ತುಂಡನ್ನು ಆರಿಸಿ, ಅದರ ನಾರಿನ ದಿಕ್ಕು ಹಳೆಯ ಕಂಬದ ನಾರಿಗೆ ಹೊಂದುವಂತೆ ತಿರುಗಿಸಿ ನೋಡಿದೆವು. ತೊಗಟೆಯಡಿಯ ಬಿಳಿಮರವನ್ನು ಪೂರ್ತಿ ಕೆತ್ತಿ ಚೇಗನ್ನು ಮಾತ್ರ ಉಳಿಸಿಕೊಂಡೆವು. ಬಿಳಿಮರವೇ ದುಂಬಿಯ ಮೊದಲ ತುತ್ತು.

ನಿಂತಿರುವ ಕಂಬವನ್ನು ಕೈಗರಗಸದಲ್ಲಿ ಕೊಯ್ಯುವಾಗ ನೆಲದ ಮೇಲೆ ಮಂಡಿಯೂರಿ, ಗೋಡೆಗೆ ಭುಜ ಒತ್ತಿ ಕೂರಬೇಕು. ಶತಮಾನಗಳಷ್ಟು ಹಳೆಯ ಓಕ್‌ನ ಚೇಗು ಉಳಿಯ ಬಾಯನ್ನು ಬೇಗ ಮೊಂಡಾಗಿಸುತ್ತದೆ. ಮಸೆಯುವ ಕಲ್ಲು ಕೈಗೆಟುಕುವಲ್ಲೇ ಇರಬೇಕು. ಕೊಳೆ ಮುಗಿಯಿತೆಂದು ದಬ್ಬಳ ಹೇಳಿದ ಎತ್ತರಕ್ಕಿಂತ ಸ್ವಲ್ಪ ಮೇಲೆ ಗೆರೆ ಎಳೆದೆವು. ಕಂಬದ ಹೊರಮುಖದಲ್ಲಿ ಕೊಳೆ ಎತ್ತರಕ್ಕೆ ಹೋಗಿತ್ತು, ಒಳಮುಖದಲ್ಲಿ ತಗ್ಗಾಗಿಯೇ ನಿಂತಿತ್ತು. ಆದ್ದರಿಂದ ಹೊರಗಿನ ಅರ್ಧವನ್ನು ಉದ್ದಕ್ಕೆ, ಒಳಗಿನ ಅರ್ಧವನ್ನು ಗಿಡ್ಡಕ್ಕೆ ಕೊಯ್ದು, ಒಳಬದಿಯ ಗಟ್ಟಿ ಮರವನ್ನೆಲ್ಲ ಉಳಿಸಿಕೊಂಡೆವು. ಒಂದು ಇಂಚಿನ ಜಗ್ಗಾಟ ಎಂದೆನಲ್ಲ, ಅದು ಇದೇ.

ಹೊಸ ಕಾಲನ್ನು ಒರಗಿಸಿದಾಗ ಎಲ್ಲೋ ಮುಟ್ಟುತ್ತದೆ, ಎಲ್ಲೋ ಬೆಳಕು ಕಾಣುತ್ತದೆ. ಆಗ ಹಿರಿಯರು ತೋರಿಸಿದ ಉಪಾಯ: ಎರಡು ಮುಖಗಳೂ ತಾಗಿರುವಂತೆ ಬಿಗಿಹಿಡಿದು, ಸಂದಿನಲ್ಲೇ ತೆಳು ಗರಗಸ ಓಡಿಸುವುದು. ಗರಗಸ ಉಬ್ಬನ್ನು ಮಾತ್ರ ತಿನ್ನುತ್ತದೆ. ಮತ್ತೆ ಒತ್ತಿದಾಗ ಎರಡೂ ಮುಖ ಒಂದೇ ಪಡಿಯಚ್ಚಾಗುತ್ತವೆ. ಮತ್ತೆ ಓಡಿಸುವುದು, ಮತ್ತೆ ಒತ್ತುವುದು, ಬೆಳಕು ಪೂರ್ತಿ ಅಡಗುವವರೆಗೆ.

ಬಿಗಿಯಲು ಮರದ ಮೊಳೆ. ಒಣ ಓಕ್ ಚೇಗನ್ನು ಗರಗಸದಿಂದ ಕೊಯ್ಯದೆ ಕೊಡಲಿಯಿಂದ ಸೀಳಿ, ನಾರು ತುದಿಯಿಂದ ತುದಿಗೆ ಕಡಿಯದಂತೆ ಕೆತ್ತಿದ ಮೊಳೆಗಳು. ಹೆಬ್ಬೆರಳಿನ ದಪ್ಪ, ಮೂತಿ ಸಣ್ಣ. ನಾಲಿಗೆಯಲ್ಲಿನ ತೂತನ್ನು ಕುಳಿಯ ತೂತಿಗೆ ಸಮವಾಗಿ ಕೊರೆಯದೆ, ಮೂರು ಮಿಲಿಮೀಟರಿನಷ್ಟು ನಾಲಿಗೆಯ ಬುಡದಲ್ಲಿರುವ ಭುಜದ ಕಡೆಗೆ ಸರಿಸಿ ಕೊರೆಯುತ್ತಾರೆ. ಮೊಳೆ ಹೊಡೆಯುತ್ತಿದ್ದಂತೆ ಅದು ಬಾಗಿ ತೂರಿ ನಾಲಿಗೆಯನ್ನು ಒಳಕ್ಕೆ ಎಳೆಯುತ್ತದೆ. ಮುಂದೆ ಮರ ಕುಗ್ಗಿದರೂ ಆ ಎಳೆತ ಉಳಿದಿರುತ್ತದೆ. ಏಟಿನ ಸದ್ದು ಟೊಳ್ಳಿನಿಂದ ಗಟ್ಟಿಗೆ ತಿರುಗಿದಾಗ ಕೂಡು ಮುಚ್ಚಿತೆಂದು ಗೊತ್ತಾಗುತ್ತದೆ. ಮೊಳೆಯ ತಲೆಯನ್ನು ಹೊರಗೇ ಬಿಟ್ಟೆವು. ಮುಂದೆ ಯಾರಾದರೂ ಬಿಗಿ ಮಾಡಬೇಕಾದರೆ ಹೊಡೆಯಲು ಬೇಕಾಗುತ್ತದೆ. ಹೊಸ ಕಾಲಿನ ಒಳಮುಖದಲ್ಲಿ ಕೆಲಸದ ವರ್ಷವನ್ನು ಉಳಿಯಿಂದ ಕೆತ್ತಿದ್ದೇವೆ.

ಕಡ್ಡಿ, ಮಣ್ಣು, ಸಗಣಿ

ಇಂಗ್ಲೆಂಡಿನ ನಡುನಾಡಿನಲ್ಲಿ ಚೌಕಟ್ಟಿನ ಸಂದುಗಳು ದೊಡ್ಡ ಚೌಕಗಳು. ಅಲ್ಲಿ ನೆಟ್ಟನೆಯ ಓಕ್ ಗೂಟಗಳ ನಡುವೆ ಹೇಜಲ್ ಎಂಬ ಪೊದೆಯ ಕಡ್ಡಿಗಳನ್ನು ಬುಟ್ಟಿಯಂತೆ ಹೆಣೆಯುತ್ತಾರೆ. ನಮ್ಮ ಕಡೆ ಒತ್ತೊತ್ತಾದ ನಿಲುಮರಗಳ ಕಿರಿದಾದ ಸಂದಿನಲ್ಲಿ ಹೆಣೆಯಲು ಜಾಗವಿಲ್ಲ. ನಿಲುಮರಗಳ ಪಕ್ಕಗಳಲ್ಲಿ ಕೊರೆದ ಕಚ್ಚುಗಳಿಗೆ ಗಿಡ್ಡ ಅಡ್ಡಕಡ್ಡಿಗಳನ್ನು ಬಾಗಿಸಿ ಸಿಕ್ಕಿಸಿ, ಅವುಗಳಿಗೆ ಉದ್ದ ಹೇಜಲ್ ಕಡ್ಡಿಗಳನ್ನು ನೇರವಾಗಿ ನಿಲ್ಲಿಸಿ ಹುರಿಯಿಂದ ಕಟ್ಟುತ್ತಾರೆ. ಹಳೆಯ ಕಚ್ಚುಗಳೆಲ್ಲ ಇದ್ದೇ ಇದ್ದವು, ಹೊಸದಾಗಿ ಕೊರೆಯಬೇಕಾಗಲಿಲ್ಲ.

ಉದುರಿದ ಹಳೆಯ ಮಣ್ಣನ್ನು ಒಂದು ಬೊಗಸೆಯೂ ಎಸೆಯಲಿಲ್ಲ. ನೀರಿನಲ್ಲಿ ನೆನೆಹಾಕಿದರೆ ಅದು ಮತ್ತೆ ಹದವಾಗುತ್ತದೆ. ಸಿಮೆಂಟಿಗೆ ಈ ಗುಣವಿಲ್ಲ. ಕಡಿಮೆ ಬಿದ್ದಷ್ಟನ್ನು ಹಿತ್ತಲಿನ ಮೇಲ್ಮಣ್ಣಿನ ಅಡಿಯಿಂದ ಅಗೆದೆವು. ಸಫೊಲ್ಕ್‌ನ ನೆಲದಡಿಯಲ್ಲಿ ಹಿಮಯುಗ ಬಿಟ್ಟುಹೋದ, ಸೀಮೆಸುಣ್ಣದ ಹರಳು ಬೆರೆತ ಜೇಡಿಯಿದೆ. ಇದಕ್ಕೆಂದೇ ಮಾಡಿಟ್ಟ ಹಾಗೆ. ಕತ್ತರಿಸಿದ ಗೋಧಿ ಹುಲ್ಲು, ಪಕ್ಕದ ಹೊಲದ ಸಗಣಿ ಸೇರಿಸಿ ತಾಡಪಾಲಿನ ಮೇಲೆ ಹರಡಿ ಬರಿಗಾಲಲ್ಲಿ ತುಳಿದೆವು. ಆ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಬಂದಿದ್ದ ಅಮ್ಮ ಅಂಗಳದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು. ಎಳೆ ಹುಲ್ಲು ಮೇಯ್ದ ಹಸುವಿನ ಸಗಣಿ ಹಿಡಿಯುವುದಿಲ್ಲ, ಒಣಹುಲ್ಲು ತಿಂದ ಹಸುವಿನದನ್ನು ತರಿಸು ಎಂದರು. ತರಿಸಿದೆ. ವ್ಯತ್ಯಾಸ ಕೈಗೇ ಗೊತ್ತಾಯಿತು. ನಾರು ಹೆಚ್ಚಿದ್ದ ಮಣ್ಣು ಒಣಗುವಾಗ ಬಿರಿಯುವುದು ಕಡಿಮೆಯಾಯಿತು.

ಮಣ್ಣು ಮೆತ್ತಲು ಇಬ್ಬರು ಬೇಕು, ಒಬ್ಬರು ಒಳಗೆ, ಒಬ್ಬರು ಹೊರಗೆ. ಎರಡೂ ಕಡೆಯಿಂದ ಒಂದೇ ಹೊತ್ತಿಗೆ ಮುದ್ದೆಯನ್ನು ಒತ್ತಿದಾಗ ಕಡ್ಡಿಗಳ ನಡುವೆ ಅವು ಒಂದಾಗಿ ಬೆಸೆಯುತ್ತವೆ. ಮೇಲ್ಮೈ ಮರದ ಮುಖಕ್ಕಿಂತ ಸ್ವಲ್ಪ ಒಳಗಿರಬೇಕು, ಗಾರೆ ಕೂರಲು. ಹಸಿಯಿರುವಾಗಲೇ ಕಡ್ಡಿಯಿಂದ ಓರೆ ಗೀರುಗಳನ್ನು ಎಳೆದೆವು. ಒಣಗಲು ವಾರಗಳು ಹಿಡಿಯುತ್ತವೆ, ಅವಸರ ಮಾಡುವಂತಿಲ್ಲ. ಒಣಗಿ ಮರದ ಅಂಚಿನಲ್ಲಿ ಬಿಟ್ಟ ಸಂದುಗಳಿಗೆ ಸುಣ್ಣ ತುಂಬಿದೆವು.

ಗಾರೆ ಮತ್ತು ಸುಣ್ಣ

ಒಂದು ಪಾಲು ನೆನೆದ ಸುಣ್ಣಕ್ಕೆ ಮೂರು ಪಾಲು ಹರಳು ಮರಳು, ಅದರೊಳಗೆ ಬಿಡಿಸಿ ಉದುರಿಸಿದ ಆಡಿನ ಕೂದಲು. ಸುಣ್ಣದ ಗಾರೆ ಒಣಗಿ ಗಟ್ಟಿಯಾಗುವುದಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಸುಣ್ಣದಕಲ್ಲಾಗುತ್ತದೆ. ಅದಕ್ಕೆ ತೇವ ಬೇಕು. ಒದ್ದೆ ಗೋಣಿತಾಟು ತೂಗುಹಾಕಿ, ಬಿಸಿಲಿಗೂ ಗಾಳಿಗೂ ಮರೆ ಮಾಡಿದೆವು. 5 ಡಿಗ್ರಿಗಿಂತ ಕೆಳಗೆ ಈ ಕೆಲಸ ಆಗದು. ಎಳೆಯ ಗಾರೆಯನ್ನು ಹಿಮ ಪುಡಿ ಮಾಡುತ್ತದೆ. ಹಾಗಾಗಿ ಶರತ್ಕಾಲ ಬಲಿಯುವ ಮೊದಲೇ ಮುಗಿಸುವಂತೆ ಇಡೀ ವೇಳಾಪಟ್ಟಿಯನ್ನು ಹಿಂದಿನಿಂದ ಲೆಕ್ಕ ಹಾಕಿದ್ದೆವು.

ಕೊನೆಗೆ ಹಾಲಿನಷ್ಟು ತೆಳುವಾದ ಸುಣ್ಣದ ತಿಳಿ, ಒಂದರ ಮೇಲೊಂದು. ಮರಗಳಿಗೆ ಕಪ್ಪು ಬಳಿಯುವುದಿಲ್ಲವೇ ಎಂದು ಕೇಳಿದವರಿದ್ದಾರೆ. ಬಿಳಿ ಗೋಡೆಯ ಮೇಲೆ ಕಡುಗಪ್ಪು ಮರ ಬಹುಪಾಲು ವಿಕ್ಟೋರಿಯಾ ಕಾಲದ ಅಭಿರುಚಿ. ಲ್ಯಾವೆನ್‌ಹ್ಯಾಮ್‌ನ ಬೀದಿಗಳಲ್ಲಿ ನಡೆದರೆ ಮರಗಳು ಮಾಸಲು ಬೆಳ್ಳಿ ಬಣ್ಣದಲ್ಲಿ, ಎಷ್ಟೋ ಕಡೆ ಗೋಡೆಯೊಂದಿಗೇ ಸುಣ್ಣ ಹೊದ್ದು ನಿಂತಿವೆ. 1530ರ ಸುಮಾರಿಗೆ ಕಟ್ಟಿದ ಅಲ್ಲಿನ ಗಿಲ್ಡ್‌ಹಾಲ್ ಎಂಬ ಹಳೆಯ ಸಭಾಭವನದ ಮುಂದೆ ನಿಂತು ನೋಡಿದರೆ ಕಪ್ಪು ಬಣ್ಣದ ಆಸೆ ತಾನಾಗಿ ಹೋಗುತ್ತದೆ. ನಾವು ಮರ, ಮಣ್ಣು ಎಂದು ಭೇದ ಮಾಡದೆ ಇಡೀ ಗೋಡೆಗೆ ಸುಣ್ಣ ಹೊಡೆದೆವು. ಒಣಗಿ ಸೀಳಿದ ಮರದ ಸಣ್ಣ ಬಿರುಕುಗಳಿಗೂ ಅದು ಇಳಿದು ತುಂಬಿಕೊಂಡಿದೆ.

ಗೋಡೆಯ ಬುಡದಲ್ಲಿ ಇನ್ನೊಂದು ಕೆಲಸವಿತ್ತು. ಹೊರಗಿನ ಕಾಲುದಾರಿ ವರ್ಷವರ್ಷವೂ ಏರುತ್ತ ತಳತೊಲೆಯ ಮಟ್ಟಕ್ಕೇ ಬಂದಿತ್ತು. ಅದನ್ನು ಅಗೆದು ತೊಲೆಗಿಂತ ಒಂದು ಗೇಣು ಕೆಳಗಿಳಿಸಿ, ಜಲ್ಲಿ ತುಂಬಿದ ಕಾಲುವೆ ತೆಗೆದು, ಮಾಡಿನ ನೀರು ಗೋಡೆಯಿಂದ ದೂರ ಹರಿಯುವಂತೆ ಮಾಡಿದೆವು. ಇದನ್ನು ಮಾಡದಿದ್ದರೆ ಮೇಲೆ ಬರೆದ ಎಲ್ಲ ಬಡಗಿ ಕೆಲಸವೂ ವ್ಯರ್ಥವಾಗುತ್ತಿತ್ತು.

ಈಗ ಗೋಡೆಯ ಹಳೆಯ ಮರಗಳಲ್ಲಿ ತೇವಮಾಪಕ 16, 17 ತೋರಿಸುತ್ತಿದೆ. ಹೊಸ ತಳತೊಲೆ ಹಸಿ ಮರವಾದ್ದರಿಂದ ಅದು ಇಳಿಯಲು ವರ್ಷಗಳೇ ಬೇಕು. ಅದರ ಬೆಣೆಗಳನ್ನು ಪ್ರತಿ ಬೇಸಿಗೆಯ ಕೊನೆಯಲ್ಲಿ ತಟ್ಟಿ ನೋಡಬೇಕು. ಏಪ್ರಿಲ್‌ನಿಂದ ಜೂನ್‌ವರೆಗೆ ದುಂಬಿಗಳು ಹೊರಬರುವ ಕಾಲ. ಹಳೆಯ ತೂತುಗಳ ಮೇಲೆ ಅಂಟಿಸಿದ ತೆಳು ಕಾಗದದಲ್ಲಿ ಹೊಸ ರಂಧ್ರ ಬಿದ್ದಿದೆಯೇ ಎಂದು ಆಗ ಪರೀಕ್ಷಿಸುತ್ತೇವೆ. ಹಿಂಬದಿಯ ಗೋಡೆಗೂ ಅದೇ ಸಿಮೆಂಟ್ ಹೊದಿಕೆಯಿದೆ. ಅದರ ನಕ್ಷೆ ಬರೆಯಲು ಶುರುಮಾಡಿದ್ದೇನೆ.